ಅಲ್ಲಿ ಹೀರೋ ಇರಲಿಲ್ಲ, ಕ್ಯೂ ಇತ್ತು

ಯುದ್ಧದ ಸಿನಿಮಾದ ಬಗ್ಗೆ ನಾನು ಬರೆದ ಮೊದಲ ವಿಮರ್ಶೆಯಲ್ಲೇ ಒಂದು ದೊಡ್ಡ ತಪ್ಪಿತ್ತು. ಅದನ್ನು ತೋರಿಸಿಕೊಟ್ಟವರು ನಮ್ಮೂರಿನ ಪಟ್ಟಾಳದ, ಅಂದರೆ ಸೈನ್ಯದ, ಮಾವ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ವಾಚನಾಲಯ. ಕೇರಳದಲ್ಲಿ ಬಸ್ಸು ಬಾರದ ಊರು ಸಿಕ್ಕೀತು, ವಾಚನಾಲಯ ಇಲ್ಲದ ಊರು ಸಿಗುವುದು ಕಷ್ಟ. ನಮ್ಮದರಲ್ಲಿ ಕೆಳಗೆ ಪೇಪರ್ ಓದುವ ಬೆಂಚುಗಳು, ಮೇಲೆ ಶೀಟು ಹಾಸಿದ ಒಂದು ಹಾಲ್. ಮಳೆ ಬಂದರೆ ಸಿನಿಮಾದ ಮಾತು ಕೇಳುವುದಿಲ್ಲ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಜೆ. ಉಳಿದ ತಿಂಗಳುಗಳಲ್ಲಿ ಒಂದೊಂದು ಶನಿವಾರ ಸಂಜೆ ಸಿನಿಮಾ, ಆಮೇಲೆ ಕಟ್ಟನ್ ಚಾ, ಗೋಳಿಬಜೆ, ಮಾತು. ನಾನು ಹತ್ತಿರದ ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಮಾಡುವವನು. ಹಾಗಾಗಿ ಇತಿಹಾಸದ ಸಿನಿಮಾ ಬಂದಾಗ ಗೋಡೆ ಪತ್ರಿಕೆಗೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಹದಿಮೂರು ವರ್ಷದಿಂದ ಬರೆಯುತ್ತಿದ್ದೇನೆ. ಯಾರೂ ದುಡ್ಡು ಕೊಡುವುದಿಲ್ಲ, ಬೈಗುಳ ಮಾತ್ರ ಧಾರಾಳ.

ಆ ದಿನ ಹಾಕಿದ್ದು ‘ಬಾರ್ಡರ್’. 1997ರ ಹಿಂದಿ ಚಿತ್ರ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲದಲ್ಲಿ ನಡೆದ ಕಾಳಗದ ಕತೆ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಮತ್ತು ಅವರ ನೂರಿಪ್ಪತ್ತರಷ್ಟು ಜನ ಒಂದು ಕಡೆ, ಪಾಕಿಸ್ತಾನದ ಟ್ಯಾಂಕ್ ಸಾಲು ಇನ್ನೊಂದು ಕಡೆ. ರಾತ್ರಿಯಿಡೀ ವಿಮಾನ ಬರುವುದಿಲ್ಲ. ಬೆಳಕು ಹರಿದ ಮೇಲೆ ಬರುತ್ತದೆ, ಹಾಲ್ ತುಂಬ ಚಪ್ಪಾಳೆ. ನಾನು ಬರೆದೆ: ‘ವಿಮಾನಗಳನ್ನು ಬೆಳಗಿನವರೆಗೆ ಕಟ್ಟಿಹಾಕಿದ್ದು ಅಪ್ಪಟ ಸಿನಿಮಾ ಬುದ್ಧಿ. ಯುದ್ಧ ಹೀಗೆಲ್ಲ ಕಾಯುವುದಿಲ್ಲ.’

ಎರಡು ದಿನ ಬಿಟ್ಟು ಮಾವ ಕೊಡೆ ಊರಿಕೊಂಡು ಬಂದರು. ಅವರು ನನ್ನ ಸ್ವಂತ ಮಾವ ಅಲ್ಲ, ಇಡೀ ಊರಿಗೇ ಮಾವ. ಪಟ್ಟಾಳದಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದವರು. ಗೋಡೆ ಪತ್ರಿಕೆಯನ್ನು ಮೂಗಿನ ಹತ್ತಿರ ತಂದು ಓದಿದರು.

“ಮಾಷ್ಟ್ರೇ, ಆಗ ಜೈಸಲ್ಮೇರಿನಲ್ಲಿ ಇದ್ದದ್ದು ಹಂಟರ್ ವಿಮಾನ. ಅದಕ್ಕೆ ರಾತ್ರಿ ಕಣ್ಣು ಕಾಣುವುದಿಲ್ಲ. ಬೆಳಗಾಗದೆ ಬಂದು ಏನು ಮಾಡುವುದು, ನಮ್ಮವರ ತಲೆ ಮೇಲೇ ಹಾಕುವುದಾ?”

ಹೋಗಿ ಹುಡುಕಿದೆ. ಅವರು ಹೇಳಿದ್ದು ಸರಿ. ಹಂಟರ್‌ಗಳಲ್ಲಿ ರಾತ್ರಿ ಹೊಡೆದಾಡುವ ಸಲಕರಣೆ ಇರಲಿಲ್ಲ, ಬೆಳಕಿಗೆ ಕಾಯಲೇಬೇಕಿತ್ತು. ಇಡೀ ಚಿತ್ರದಲ್ಲಿ ನಾನು ಸುಳ್ಳೆಂದು ಬೆರಳು ಮಾಡಿದ್ದು ಒಂದನ್ನೇ, ಅದೇ ನಿಜವಾಗಿತ್ತು!

ಅದಕ್ಕಿಂತ ದೊಡ್ಡ ನಾಚಿಕೆ ಆಮೇಲೆ ಬಂತು. ಚಿತ್ರದಲ್ಲಿ ನಮ್ಮ ಸೈನಿಕರು ಒಬ್ಬೊಬ್ಬರಾಗಿ ಸಾಯುತ್ತಾರೆ. ಹಾಡು, ಮನೆಯವರ ನೆನಪು, ಸಾವು. ಆ ಲೆಕ್ಕವನ್ನು ನಾನು ಒಂದು ಚೂರೂ ಅನುಮಾನಿಸದೆ ನುಂಗಿದ್ದೆ. ನಿಜವಾಗಿ ಲೋಂಗೆವಾಲದಲ್ಲಿ ಭಾರತದ ಕಡೆ ಸತ್ತವರು ಇಬ್ಬರು. ಸುನೀಲ್ ಶೆಟ್ಟಿ ಮಾಡಿದ ಪಾತ್ರ ನೆನಪಿದೆಯಲ್ಲ, ಟ್ಯಾಂಕಿಗೆ ಎದುರಾಗಿ ಸಾಯುವ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್? ಆ ಹೆಸರಿನ ಆ ಮನುಷ್ಯ ಯುದ್ಧ ಮುಗಿಸಿ ಊರಿಗೆ ಹೋದರು. ಸೇನಾ ಪದಕ ಪಡೆದರು. ತಾನು ಪರದೆಯ ಮೇಲೆ ಸತ್ತ ಮೇಲೂ ಇಪ್ಪತ್ತೈದು ವರ್ಷ ಬದುಕಿದ್ದರು. ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ, ಜೋಧಪುರದಲ್ಲಿ.

ನಾನು ವಿಮಾನದ ಗಡಿಯಾರ ನೋಡುತ್ತಾ ಕುಳಿತಿದ್ದೆ. ಬದುಕಿರುವ ಮನುಷ್ಯನ ಹೆಣ ಕಣ್ಣೆದುರೇ ದಾಟಿ ಹೋದದ್ದು ಕಾಣಲಿಲ್ಲ.

ಅವತ್ತೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಪುಟಕ್ಕೆ ಮೂರು ಗೆರೆ ಎಳೆದೆ. ಮೊದಲ ಕಲಂನಲ್ಲಿ ‘ಕಂಡದ್ದು’. ಎರಡನೆಯದರಲ್ಲಿ ‘ಆದದ್ದು’. ಮೂರನೆಯದರಲ್ಲಿ ‘ಯಾರು ಹೇಳಿದ್ದು’. ಕೇಳುವಾಗ ಸುಲಭ. ಮೂರನೇ ಕಲಂ ತುಂಬಲು ಹೊರಟರೆ ಎರಡನೆಯದರಲ್ಲಿ ಬರೆದದ್ದರಲ್ಲಿ ಅರ್ಧವನ್ನು ಹೊಡೆದು ಹಾಕಬೇಕಾಗುತ್ತದೆ, ಯಾಕೆಂದರೆ ‘ಎಲ್ಲೋ ಓದಿದ್ದು’ ಎಂದು ಆ ಕಲಂನಲ್ಲಿ ಬರೆಯುವಂತಿಲ್ಲ. ಇದು ನಾನೇ ಮಾಡಿಕೊಂಡ ನಿಯಮ, ಅತಿ ಹೆಚ್ಚು ಸಲ ಮುರಿಯಲು ಆಸೆಯಾದದ್ದೂ ಇದನ್ನೇ.

ಸಿನಿಮಾವನ್ನು ಎರಡು ಸಲ ನೋಡುತ್ತೇನೆ. ಮೊದಲ ಸಲ ನೋಟ್‌ಬುಕ್ ಮನೆಯಲ್ಲೇ. ಅಳು ಬಂದರೆ ಅಳುವುದು, ಚಪ್ಪಾಳೆ ಹೊಡೆಯಬೇಕು ಅನ್ನಿಸಿದರೆ ಹೊಡೆಯುವುದು. ಎಲ್ಲಿ ಅಳು ಬಂತು ಎಂದು ನೆನಪಿಟ್ಟುಕೊಂಡಿದ್ದರೆ ಸಾಕು. ಎರಡನೇ ಸಲ ಮೊದಲು ತಡವುವುದು ಆ ಜಾಗವನ್ನೇ. ಗಂಟಲು ಕಟ್ಟಿಸುವ ಜಾಗದಲ್ಲೇ ಇತಿಹಾಸವನ್ನು ಹೆಚ್ಚು ತಿದ್ದಿರುತ್ತಾರೆ ಎಂಬುದು ನನ್ನ ಅನುಭವ. ಭೈರೋನ್ ಸಿಂಗ್ ಸಾಯುವಾಗ ನನಗೂ ಗಂಟಲು ಕಟ್ಟಿತ್ತು.

ಶುರುವಿನಲ್ಲಿ ಬರುವ ‘ನೈಜ ಘಟನೆಯಿಂದ ಪ್ರೇರಿತ’, ‘ಪಾತ್ರಗಳು ಕಾಲ್ಪನಿಕ’ ಎಂಬ ಅಕ್ಷರಗಳನ್ನು ನಿಲ್ಲಿಸಿ ಓದುತ್ತೇನೆ. ಕೆಲವು ಚಿತ್ರಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಲಾಭಕ್ಕೆ ಒಂದು, ಕೋರ್ಟಿಗೆ ಒಂದು. ಶೌರ್ಯ ಪ್ರಶಸ್ತಿ ಪಡೆದವರ ಕತೆಯಾದರೆ ರಕ್ಷಣಾ ಸಚಿವಾಲಯದ ಜಾಲತಾಣದಲ್ಲಿ ಪ್ರಶಸ್ತಿಯ ಜೊತೆ ಕೊಟ್ಟ ವಿವರಣೆ ಸಿಗುತ್ತದೆ. ಒಂದೇ ಪ್ಯಾರಾ ಇರಬಹುದು, ಆದರೆ ದಿನಾಂಕ, ಜಾಗ, ಘಟಕದ ಹೆಸರು ಇರುತ್ತವೆ. ಎರಡು ಮಹಾಯುದ್ಧಗಳದ್ದಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ, ಅದರಲ್ಲಿ ಸತ್ತ 17 ಲಕ್ಷ ಜನರ ಹೆಸರಿದೆ. ಹತ್ತು ಕಡೆ ಒಂದೇ ವಾಕ್ಯ ಕಂಡರೆ ಹತ್ತು ಸಾಕ್ಷಿ ಸಿಕ್ಕಿತು ಎಂದು ಹಿಗ್ಗಬಾರದು. ಒಬ್ಬ ಬರೆದದ್ದನ್ನು ಒಂಬತ್ತು ಜನ ಕದ್ದಿರುತ್ತಾರೆ. ಒಂದೇ ಅಕ್ಷರದೋಷ ಹತ್ತೂ ಕಡೆ ಇದ್ದರಂತೂ ಕೇಳುವುದೇ ಬೇಡ.

ಮೊದಲ ಎರಡು ವರ್ಷ ನನ್ನ ನೋಟ್‌ಬುಕ್ ತುಂಬ ಇದ್ದದ್ದು ಗುಂಡಿ, ಟೋಪಿ, ಲಾಡಿ. ಸ್ಕಾಟ್‌ಲೆಂಡಿನ ವಿಲಿಯಂ ವಾಲೇಸ್‌ನ ಕತೆ ಹೇಳುವ ‘ಬ್ರೇವ್‌ಹಾರ್ಟ್’ಗೆ ನಾಲ್ಕು ಪುಟ ಬರೆದಿದ್ದೆ. ಅವರು ಉಟ್ಟ ಗೆರೆಗೆರೆಯ ಕಿಲ್ಟ್ ಬಂದದ್ದು ಮುನ್ನೂರು ವರ್ಷ ಆದಮೇಲೆ. ಅವನು ಪ್ರೀತಿಸುವ ಫ್ರೆಂಚ್ ರಾಜಕುಮಾರಿ ಆಗ ಚಿಕ್ಕ ಮಗು. 1297ರ ಸ್ಟರ್ಲಿಂಗ್ ಸೇತುವೆ ಕಾಳಗವನ್ನು ಗೆದ್ದದ್ದೇ ಆ ಇಕ್ಕಟ್ಟಾದ ಸೇತುವೆಯಿಂದ, ಚಿತ್ರದಲ್ಲಿ ಸೇತುವೆಯೇ ಇಲ್ಲ. ಬಯಲಿನಲ್ಲಿ ಹೊಡೆದಾಡುತ್ತಾರೆ! ಬರೆಯುವಾಗ ಭಾರೀ ಖುಷಿ. ಓದಿದವರೂ ನಕ್ಕರು. ಆಮೇಲೆ ಒಂದು ದಿನ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು, “ಕಿಲ್ಟ್ ತಪ್ಪಾದ್ರೆ ಯಾರಿಗೆ ಬೇಜಾರು, ಮಾಷ್ಟ್ರೇ?”

ಉತ್ತರ ಇರಲಿಲ್ಲ. ಯಾರಿಗೂ ಬೇಜಾರಿಲ್ಲ, ನಿಜವೇ. ಸೇತುವೆಯದು ಬೇರೆ ಮಾತು. ಸೇತುವೆ ತೆಗೆದರೆ ಅವರ ಯುದ್ಧದ ಜಾಣತನವೇ ಹೋಗುತ್ತದೆ, ಬರೇ ಆವೇಶ ಉಳಿಯುತ್ತದೆ. ಹಾಗೆ ಯೋಚಿಸುತ್ತಾ ಯೋಚಿಸುತ್ತಾ ನೋಟ್‌ಬುಕ್ಕಿಗೆ ನಾಲ್ಕನೆಯ ಒಂದು ಸಪೂರ ಕಲಂ ಸೇರಿತು. ಅದರ ಹೆಸರು ‘ಪಾಲು’. ಈ ತಪ್ಪಿನಿಂದ ಯಾರ ಪಾಲು ಯಾರಿಗೆ ಹೋಯಿತು? ಯಾರದ್ದೂ ಹೋಗದಿದ್ದರೆ ಆ ತಪ್ಪನ್ನು ಚಾ ಕುಡಿಯುವಾಗ ಹೇಳಿ ನಗಬಹುದು, ಗೋಡೆಗೆ ಅಂಟಿಸುವುದು ಬೇಡ.

ಆ ಕಲಂ ಬಂದ ಮೇಲೆ ಹಳೆಯ ಪುಟಗಳೇ ಬೇರೆ ಕಾಣತೊಡಗಿದವು. ‘ಯು-571’ ಎಂಬ 2000ದ ಅಮೆರಿಕನ್ ಚಿತ್ರದಲ್ಲಿ ಜರ್ಮನ್ ಜಲಾಂತರ್ಗಾಮಿಯಿಂದ ಎನಿಗ್ಮಾ ಎಂಬ ಗುಪ್ತಲಿಪಿ ಯಂತ್ರವನ್ನು ಎಗರಿಸುವವರು ಅಮೆರಿಕನ್ನರು. ನಿಜದಲ್ಲಿ 1941ರ ಮೇ ತಿಂಗಳಲ್ಲಿ ಯು-110 ಎಂಬ ಜಲಾಂತರ್ಗಾಮಿಯೊಳಗೆ ಇಳಿದು ಅದನ್ನು ತಂದವರು ಬ್ರಿಟಿಷ್ ನೌಕಾಪಡೆಯ ‘ಬುಲ್‌ಡಾಗ್’ ಹಡಗಿನವರು. ಅಮೆರಿಕ ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಇದರ ಮಾತು ಬಂತು. 2020ರ ‘ಗುಂಜನ್ ಸಕ್ಸೇನಾ’ದಲ್ಲಿ ವಾಯುಪಡೆಯ ಪೈಲಟ್ ಆದ ನಾಯಕಿ ಒಂಟಿ. ಆದರೆ ಉಧಮಪುರದಲ್ಲಿ ಅವರ ಜೊತೆ ಶ್ರೀವಿದ್ಯಾ ರಾಜನ್ ಎಂಬ ಇನ್ನೊಬ್ಬ ಮಹಿಳಾ ಪೈಲಟ್ ಇದ್ದರು. ಕಾರ್ಗಿಲ್ ಕಡೆಗೆ ಮೊದಲು ಹಾರಿದ್ದು ತಾನು ಎಂದು ಚಿತ್ರ ಬಂದ ಮೇಲೆ ಅವರು ಬರೆಯಬೇಕಾಯಿತು. ‘ಡನ್‌ಕರ್ಕ್’ನಲ್ಲಿ, 1940ರಲ್ಲಿ ಬ್ರಿಟಿಷ್ ಪಡೆಗಳು ಪಾರಾದ ಆ ಫ್ರೆಂಚ್ ಕಡಲತೀರದಲ್ಲಿ ಹೇಸರಗತ್ತೆ ನಡೆಸುತ್ತಿದ್ದ ಭಾರತೀಯ ಸೈನಿಕರ ಮುಖವಿಲ್ಲ. ಒಬ್ಬನನ್ನು ದೊಡ್ಡವನು ಮಾಡಲು ಪಕ್ಕದವನನ್ನು ಅಳಿಸುವುದು ಎಲ್ಲ ದೇಶದ ಸಿನಿಮಾದವರಿಗೂ ಗೊತ್ತಿರುವ ವಿದ್ಯೆ.

ಇದೆಲ್ಲ ಓದಿ ತಿಳಿದದ್ದು. ಪಾಲು ಹೋದವನು ಎದುರಿಗೆ ಬಂದು ಕುಳಿತದ್ದು ಒಂದೇ ಸಲ.

ಯುದ್ಧದ ಕುವೈತಿನಿಂದ ಭಾರತೀಯರನ್ನು ಕರೆತಂದ ಕತೆಯ ‘ಏರ್‌ಲಿಫ್ಟ್’ ಹಾಕಿದ ಸಂಜೆ ಹಾಲ್ ತುಂಬಿ ಮೆಟ್ಟಿಲಲ್ಲೂ ಜನ. ಕಾಸರಗೋಡಿನಲ್ಲಿ ಗಲ್ಫ್ ಎಂದರೆ ಪರದೇಶ ಅಲ್ಲ, ಮನೆಯ ಇನ್ನೊಂದು ಕೋಣೆ. ಮನೆಗೊಬ್ಬರು ಅಲ್ಲಿ ಇದ್ದವರು, ಇರುವವರು, ವೀಸಾಕ್ಕೆ ಕಾಯುವವರು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ನಾನು ಕಾಲೇಜಿನಲ್ಲಿದ್ದೆ. ನಮ್ಮ ಬೈಲಿನಲ್ಲಿ ಮೂರು ಮನೆಯವರು ಒಂದೇ ರೇಡಿಯೋದ ಸುತ್ತ ಕುಳಿತದ್ದು ನೆನಪಿದೆ. ಅದರಲ್ಲಿ ಒಂದು ಮನೆ ಕುವೈತ್ ಇಚ್ಚನದ್ದು. ಈಗ ಅವರಿಗೆ ಎಪ್ಪತ್ತು ದಾಟಿದೆ, ಪೇಟೆಯಲ್ಲಿ ಮಗನ ಅಂಗಡಿಯಲ್ಲಿ ಕೂರುತ್ತಾರೆ. ಆ ದಿನ ಅವರಿಗೆಂದೇ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದೆವು.

ಅರ್ಧದಲ್ಲಿ ಎದ್ದು ಹೋದರು.

ಮಂಡಿನೋವು ಇರಬೇಕು ಎಂದುಕೊಂಡೆ. ಮರುದಿನ ಅಂಗಡಿಗೆ ಹೋದೆ. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಮಾತಾಡುವ ಮನುಷ್ಯ. ಮೊದಲು ಏನೂ ಹೇಳಲಿಲ್ಲ, ಸೋಡಾ ಕೊಟ್ಟರು. ಆಮೇಲೆ ಕೇಳಿದರು, “ಅದರಲ್ಲಿ ಆ ಅಕ್ಷಯ್ ಕುಮಾರ್ ಯಾರು?”

ರಂಜಿತ್ ಕಟ್ಯಾಲ್ ಎಂಬ ಕಲ್ಪನೆಯ ಪಾತ್ರ, ಹಲವರನ್ನು ಸೇರಿಸಿ ಮಾಡಿದ್ದು ಎಂದೆ. ಅಲ್ಲಿನ ಭಾರತೀಯರಿಗಾಗಿ ಓಡಾಡಿದ ಮ್ಯಾಥುಣ್ಣಿ ಮ್ಯಾಥ್ಯೂಸ್ ಎಂಬ ಮಲಯಾಳಿಯ ಛಾಯೆ ಅದರಲ್ಲಿದೆ. ಅವರನ್ನು ‘ಟೊಯೊಟಾ ಸನ್ನಿ’ ಎಂದು ಕರೆಯುತ್ತಿದ್ದರು. ಸಿನಿಮಾದಲ್ಲಿ ಅವರು ಪಂಜಾಬಿಯಾದರು ಎಂದೂ ಹೇಳಿದೆ. ಇದೇ ಇಚ್ಚನ ಸಿಟ್ಟಿಗೆ ಕಾರಣ ಎಂದು ನಾನು ಲೆಕ್ಕ ಹಾಕಿದ್ದೆ. ಅಲ್ಲ.

“ಸನ್ನಿ ಸಾರ್ ಹೆಸರು ಕೇಳಿದ್ದೆ. ನಾನು ಕಂಡವನಲ್ಲ. ನಾವು ಬಂದದ್ದು ಬಸ್ಸಿನಲ್ಲಿ, ಬಾಗ್ದಾದ್ ದಾಟಿ ಜೋರ್ಡಾನಿಗೆ. ಅಲ್ಲಿ ಹೀರೋ ಇರಲಿಲ್ಲ ಮಾಷ್ಟ್ರೇ, ಕ್ಯೂ ಇತ್ತು. ನೀರಿಗೆ ಕ್ಯೂ, ರೊಟ್ಟಿಗೆ ಕ್ಯೂ, ಕಾಗದಕ್ಕೆ ಕ್ಯೂ. ನನ್ನ ಹಿಂದೆ ನಿಂತವ ಒಬ್ಬ ಆಂಧ್ರದವ. ನಾನು ಬಿಸಿಲಿಗೆ ಬಿದ್ದಾಗ ನನ್ನ ಜಾಗ ಹಿಡಿದುಕೊಂಡು ನಿಂತ. ಅವನ ಹೆಸರು ನಾನು ಕೇಳಲಿಲ್ಲ. ನಿನ್ನೆ ಸಿನಿಮಾದಲ್ಲಿ ಅವನನ್ನೇ ಹುಡುಕಿದೆ.”

ಅಂಗಡಿಗೆ ಗಿರಾಕಿ ಬಂದರು. ಇಚ್ಚ ಅರ್ಧ ಕಿಲೋ ಬೆಲ್ಲ ತೂಗಿ ಕೊಟ್ಟರು. ನಾನು ಸೋಡಾ ಮುಗಿಸಿದೆ.

ಆ ವಿಮರ್ಶೆ ಬರೆಯಲು ಹದಿನೈದು ದಿನ ಹಿಡಿಯಿತು. ಲೆಕ್ಕಗಳು ಸಿಕ್ಕವು: ಸುಮಾರು 1.7 ಲಕ್ಷ ಜನ, ಬಹುಪಾಲು ಜೋರ್ಡಾನಿನ ಅಮ್ಮಾನ್‌ನಿಂದ, ಏರ್ ಇಂಡಿಯಾದ 488 ಹಾರಾಟ. ಚಿತ್ರದಲ್ಲಿ ಸರಕಾರ ಹೆಚ್ಚುಕಡಿಮೆ ನಿದ್ರೆಯಲ್ಲಿರುತ್ತದೆ. ಆದರೆ ಆಗಿನ ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲ್ ಅದೇ ತಿಂಗಳು ಬಾಗ್ದಾದಿಗೇ ಹೋಗಿದ್ದರು. ಸದ್ದಾಂ ಹುಸೇನ್ ಅವರನ್ನು ಅಪ್ಪಿಕೊಂಡ ಫೋಟೋಗೆ ಅವರು ಬೈಸಿಕೊಂಡದ್ದೂ ಉಂಟು. 2016ರಲ್ಲಿ ಚಿತ್ರ ಬಂದಾಗ ವಿದೇಶಾಂಗ ಇಲಾಖೆಯವರು ಇದು ಸರಿಯಲ್ಲ ಎಂದು ಹೇಳಿದರು. ಇಲ್ಲಿ ಪಾಲು ಹೋದದ್ದು ಒಬ್ಬನಿಂದ ಇನ್ನೊಬ್ಬನಿಗೆ ಅಲ್ಲ. ಕಾರಕೂನರು, ಪೈಲಟ್‌ಗಳು, ಬಸ್ಸಿನವರು, ಆ ಆಂಧ್ರದವ, ಇವರೆಲ್ಲರ ಚೂರುಚೂರು ಪಾಲನ್ನು ಸೇರಿಸಿ ಒಬ್ಬ ಸುಂದರ ಮನುಷ್ಯನ ಕೈಗೆ ಕೊಟ್ಟಿದ್ದರು. ಕ್ಯೂವನ್ನು ಎರಡು ಗಂಟೆ ಯಾರು ನೋಡುತ್ತಾರೆ ಎಂದು ಕೇಳಬಹುದು. ಹೌದು, ನಾನೂ ನೋಡಲಿಕ್ಕಿಲ್ಲ. ಇಚ್ಚನ ಮಾತನ್ನು ಗೋಡೆ ಪತ್ರಿಕೆಯಲ್ಲಿ ಹೆಸರಿಲ್ಲದೆ ಹಾಕಿದೆ. ಎಲ್ಲರಿಗೂ ಗೊತ್ತಾಯಿತು, ಅವರಿಗೆ ಬೇಜಾರಾಗಲಿಲ್ಲ.

ಇನ್ನು ನಾಯಕನ ಓರೆಕೋರೆಯ ವಿಷಯ. ಇದರಲ್ಲಿ ನನಗೆ ಪಾಠ ಕಲಿಸಿದ್ದು ಸಿನಿಮಾ ಅಲ್ಲ, ತಾಳಮದ್ದಳೆ.

ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮಾಗಧ, ಕೌರವನ ಅರ್ಥ ಕೇಳಿ ಬೆಳೆದ ತಲೆಮಾರು ನಮ್ಮದು. ಅರ್ಥ ಎಂದರೆ ಭಾಗವತರ ಪದ್ಯ ಮುಗಿದ ಮೇಲೆ ಪಾತ್ರವಾಗಿ ಆಡುವ ಮಾತು. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತಾಡುವುದು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಆ ಪ್ರಶ್ನೆಗೆ ರಾಮನ ಅರ್ಥ ಹೇಳುವವರು ಉತ್ತರ ಕೊಡಲೇಬೇಕು. ‘ನಾನು ದೇವರು’ ಎಂದು ತಪ್ಪಿಸಿಕೊಂಡರೆ ಸಭೆ ಒಪ್ಪುವುದಿಲ್ಲ. ವಾಲಿಯ ವಾದ ಬಿಗಿಯಾದಷ್ಟೂ ರಾಮನಿಗೆ ಕಷ್ಟ, ಕೇಳುವವರಿಗೆ ಹಬ್ಬ. ಕೊನೆಗೆ ಬೆಳಗ್ಗೆ ಮನೆಗೆ ಹೋಗುವಾಗ ರಾಮನ ಮೇಲಿನ ಭಕ್ತಿ ಕಡಿಮೆಯಾದವರನ್ನು ನಾನು ಕಂಡಿಲ್ಲ. ನನ್ನ ಅಜ್ಜಿಯಂತೂ ದಾರಿಯಿಡೀ ವಾಲಿಯ ಪರ ಮಾತಾಡಿ, ಮನೆಗೆ ಬಂದು ರಾಮನ ಪಟಕ್ಕೆ ದೀಪ ಹಚ್ಚುತ್ತಿದ್ದರು.

ಅದೇ ಊರಿನ ಜನ, ಅದೇ ಮಕ್ಕಳು ಮೊಮ್ಮಕ್ಕಳು, ಸಿನಿಮಾದ ಸೇನಾಧಿಕಾರಿಯ ಒಂದು ಓರೆಯನ್ನು ಎತ್ತಿ ಆಡಿದರೆ ಯಾಕೆ ಕೆಂಡವಾಗುತ್ತಾರೆ? ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಒಮ್ಮೆ ವಾಟ್ಸಪ್ ಗ್ರೂಪಿನಲ್ಲಿ ನನ್ನನ್ನು ದೇಶದ್ರೋಹಿ ಮಾಡಿದರು. ಬರೆದವನು ನನ್ನದೇ ಹಳೆಯ ವಿದ್ಯಾರ್ಥಿ, ಪರೀಕ್ಷೆಗೆ ಇತಿಹಾಸವನ್ನು ನಾನೇ ಬಾಯಿಪಾಠ ಮಾಡಿಸಿದ್ದೆ. ಇನ್ನೊಬ್ಬ, “ನೀವು ಪಟ್ಟಾಳಕ್ಕೆ ಹೋಗಿದ್ದೀರಾ?” ಎಂದು ಕೇಳಿದ. ಇಲ್ಲ. ಅದಕ್ಕೇ ಈಗ ಪ್ರತಿ ವಿಮರ್ಶೆಯನ್ನೂ ಗೋಡೆಗೆ ಅಂಟಿಸುವ ಮೊದಲು ಪಟ್ಟಾಳದ ಮಾವನಿಗೆ ಓದಿ ಹೇಳುತ್ತೇನೆ. ಅವರು ಸಿನಿಮಾದವರಿಗಿಂತ ಜಾಸ್ತಿ ನನ್ನ ಮೇಲೇ ಗುಂಡು ಹಾರಿಸುತ್ತಾರೆ.

ಆ ಗಲಾಟೆ ಆದ ತಿಂಗಳೇ ಹಟಕ್ಕೆ ಬಿದ್ದು ‘ಪ್ಯಾಟನ್’ ಹಾಕಿಸಿದೆ. 1970ರ ಚಿತ್ರ, ಎರಡನೇ ಮಹಾಯುದ್ಧದ ಅಮೆರಿಕನ್ ಜನರಲ್‌ನ ಕತೆ. ಸಿಸಿಲಿಯ ಸೇನಾ ಆಸ್ಪತ್ರೆಯಲ್ಲಿ ನರ ಸೋತು ಅಳುವ ಒಬ್ಬ ಸೈನಿಕನಿಗೆ ಪ್ಯಾಟನ್ ಹೇಡಿ ಎಂದು ಬೈದು ಕೆನ್ನೆಗೆ ಹೊಡೆಯುತ್ತಾನೆ. ಮುಚ್ಚಿಡಲಿಲ್ಲ, ಚಿತ್ರದ ನಡುಮಧ್ಯವೇ ಅದನ್ನು ಇಟ್ಟಿದ್ದಾರೆ. ಆಮೇಲೆ ಅವನು ಕ್ಷಮೆ ಕೇಳಬೇಕಾಗುತ್ತದೆ. ಹಾಲ್‌ನಲ್ಲಿ ಯಾರೂ ಎದ್ದು ಹೋಗಲಿಲ್ಲ, ಕೊನೆಗೆ ಅವನ ಮೇಲೆ ಮರುಕವೂ ಪಟ್ಟರು.

ಆದರೆ ಅಲ್ಲೂ ನೋಟ್‌ಬುಕ್ಕಿಗೆ ಕೆಲಸ ಇತ್ತು. ನಿಜದಲ್ಲಿ ಪ್ಯಾಟನ್ ಹೊಡೆದದ್ದು ಎರಡು ಸಲ, ಇಬ್ಬರಿಗೆ: 1943ರ ಆಗಸ್ಟ್ 3ರಂದು ಮತ್ತು 10ರಂದು. ಚಿತ್ರ ಎರಡನ್ನೂ ಒಂದು ಮಾಡಿತು. ಒಂದು ಸಲ ಕೈ ಎತ್ತಿದರೆ ಆ ಹೊತ್ತಿನ ಸಿಟ್ಟು ಎನ್ನಬಹುದು. ವಾರ ಬಿಟ್ಟು ಇನ್ನೊಮ್ಮೆ ಎತ್ತಿದರೆ ಅದು ಸ್ವಭಾವ. ಓರೆ ತೋರಿಸುವಾಗಲೂ ಅರ್ಧ ರಿಯಾಯಿತಿ ಕೊಟ್ಟಿದ್ದರು. ಮೊದಲು ಪೆಟ್ಟು ತಿಂದ ಹುಡುಗನಿಗೆ ಆಗ ಜ್ವರ ಇತ್ತು, ಪರೀಕ್ಷೆ ಮಾಡಿದಾಗ ಮಲೇರಿಯಾ ಎಂದು ಗೊತ್ತಾಯಿತು. ಮಲೇರಿಯಾದಲ್ಲಿ ನಡುಗುವವನನ್ನು ಹೇಡಿ ಎಂದರೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಓರೆ ಇದ್ದರೆ ಒಳ್ಳೆಯ ಸಿನಿಮಾ ಎಂದು ನಾನು ತೀರ್ಮಾನಕ್ಕೆ ಬರುವುದರಲ್ಲಿದ್ದೆ. ಆಗ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಬಂದು ಅಡ್ಡ ನಿಂತಿತು. 1957ರದ್ದು. ಸಿನಿಮಾವಾಗಿ ನನಗೆ ಈ ಪಟ್ಟಿಯಲ್ಲೇ ಅತಿ ಇಷ್ಟವಾದದ್ದು. ಜಪಾನೀಯರ ಸೆರೆಯಲ್ಲಿರುವ ಬ್ರಿಟಿಷ್ ಕರ್ನಲ್ ನಿಕೋಲ್ಸನ್ ತನ್ನ ಜನರ ಶಿಸ್ತು ಉಳಿಸಲು ಶತ್ರುವಿಗೇ ಗಟ್ಟಿಮುಟ್ಟಾದ ಸೇತುವೆ ಕಟ್ಟಿಕೊಡುತ್ತಾನೆ. ಹೆಮ್ಮೆಯಲ್ಲಿ ಕುರುಡಾಗುತ್ತಾನೆ. ನಮ್ಮ ಕೌರವನ ಅರ್ಥದಷ್ಟೇ ಸೊಗಸಾದ ಪಾತ್ರ. ತೊಂದರೆ ಏನೆಂದರೆ, ಆ ಸೇತುವೆಯ ಶಿಬಿರದಲ್ಲಿ ನಿಜವಾಗಿ ಇದ್ದ ಹಿರಿಯ ಅಧಿಕಾರಿ ಫಿಲಿಪ್ ಟೂಸಿ ಹಾಗೆ ಮಾಡಿದವರಲ್ಲ. ತನ್ನ ಜನರನ್ನು ಬದುಕಿಸಲು ಹೆಣಗಿದವರು, ಕೆಲಸ ಕೆಡಿಸುವುದಕ್ಕೆ ಆದಷ್ಟು ದಾರಿ ಹುಡುಕಿದವರು. ಚಿತ್ರ ನೋಡಿ ಅಲ್ಲಿ ಸೆರೆಯಿದ್ದವರು ನೊಂದುಕೊಂಡರು. ಇಲ್ಲದ ಓರೆಯನ್ನು ಒಬ್ಬ ಬದುಕಿದ್ದ ಮನುಷ್ಯನ ನೆರಳಿಗೆ ಅಂಟಿಸಿದ್ದು ಅದು. ಕೊನೆಯಲ್ಲಿ ಸೇತುವೆ ಸಿಡಿಯುವುದೂ ಕತೆಯೇ, ನಿಜದಲ್ಲಿ 1945ರಲ್ಲಿ ವಿಮಾನದಿಂದ ಬಾಂಬು ಹಾಕಿ ಕೆಡವಿದರು.

ಪಾಲಿನ ಕಲಂಗೆ ಬಂದಾಗ ಪೆನ್ನು ನಿಂತಿತು. 1942ರಿಂದ 43ರೊಳಗೆ ಸಯಾಮಿನಿಂದ, ಅಂದರೆ ಇಂದಿನ ಥಾಯ್ಲೆಂಡಿನಿಂದ, ಬರ್ಮಾಕ್ಕೆ ಆ ಸೇತುವೆಯ ಮೇಲೆ ಹೋಗುವ 415 ಕಿಲೋಮೀಟರ್ ರೈಲು ಹಳಿ ಹಾಕಿದ್ದು ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಕೈದಿಗಳು ಮಾತ್ರ ಅಲ್ಲ. ಕೈದಿಗಳು ಸುಮಾರು 60,000, ಸತ್ತವರು ಸುಮಾರು 12,000. ಏಷ್ಯಾದ ಕೂಲಿಗಳು ಅವರಿಗಿಂತ ಎಷ್ಟೋ ಪಟ್ಟು. ಮಲಯಾದ ರಬ್ಬರ್ ತೋಟಗಳಿಂದ ಎಳೆದುಕೊಂಡು ಹೋದ ತಮಿಳರು, ಬರ್ಮಾದವರು, ಜಾವಾದವರು. ಅವರಲ್ಲಿ ಸತ್ತವರು 90,000 ಇರಬಹುದು ಎಂಬ ಅಂದಾಜಿದೆ. ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಸೈನಿಕರ ಸುಮಾರು 7,000 ಸಮಾಧಿಗಳಿವೆ, ಹೆಸರು ಕೊರೆದ ಸಾಲು ಸಾಲು ಕಲ್ಲು. ನಾನು ಹೇಳಿದ ಆ 17 ಲಕ್ಷದ ಪಟ್ಟಿಯಲ್ಲಿ ಆ ಕೈದಿಗಳನ್ನು ಹುಡುಕಬಹುದು. ಕೂಲಿಗಳನ್ನು ಹುಡುಕುವಂತಿಲ್ಲ, ಅವರು ಸೈನಿಕರಲ್ಲ. ಸಿನಿಮಾದಲ್ಲೂ ಅವರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಚಿತ್ರವನ್ನು ತೆಗೆದದ್ದು ಸಿಲೋನಿನಲ್ಲಿ, ತಮಿಳು ಕೂಲಿಗಳೇ ಬೆಳೆಸಿದ ತೋಟಗಳ ನಾಡಿನಲ್ಲಿ!

ಆ ವಾರದ ವಿಮರ್ಶೆ ಉದ್ದವಾಯಿತು, ಗೋಡೆ ಪತ್ರಿಕೆಯ ಹಲಗೆ ಸಾಲಲಿಲ್ಲ. ಕೆಳಗೆ ಇನ್ನೊಂದು ಕಾಗದ ಅಂಟಿಸಿದೆವು.

ಇಷ್ಟೆಲ್ಲ ಬೇರೆಯವರ ತಪ್ಪು ಹುಡುಕಿದವನ ಸ್ವಂತ ಕತೆಯನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಬರೆದೆ. 1837ರ ಕಲ್ಯಾಣಪ್ಪನ ಕಾಟಕಾಯಿ ಎಂಬ ರೈತ ದಂಗೆಯ ಕತೆ. ಆಗ ಕಾಸರಗೋಡು, ಮಂಗಳೂರು ಎಲ್ಲ ಒಂದೇ ಕೆನರಾ ಜಿಲ್ಲೆ. 1834ರಲ್ಲಿ ಕೊಡಗನ್ನು ಕಂಪೆನಿ ನುಂಗಿತು, ಅಮರ ಸುಳ್ಯ ಮತ್ತು ಪುತ್ತೂರಿನ ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಿತು. ರೈತರು ಎದ್ದರು. ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತರು. ಏಪ್ರಿಲ್ 5ರಂದು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಎರಡು ವಾರದ ಹತ್ತಿರ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪೆನಿಯ ಪಡೆ ಬಂತು, ಗಲ್ಲುಗಳಾದವು.

ದಂಗೆಯ ಮುಂದೆ ಇದ್ದ ‘ಕಲ್ಯಾಣಸ್ವಾಮಿ’, ಅಂದರೆ ಕಲ್ಯಾಣಪ್ಪ, ನಿಜವಾದ ಕಲ್ಯಾಣಸ್ವಾಮಿ ಅಲ್ಲ. ಕೊಡಗಿನ ಅರಸು ಮನೆತನದವನೆಂದು ಹೇಳಿಕೊಳ್ಳುತ್ತಿದ್ದ ಆ ನಿಜವಾದ ಕಲ್ಯಾಣಸ್ವಾಮಿ ಆಗ ಬ್ರಿಟಿಷರ ಸೆರೆಯಲ್ಲಿದ್ದ. ಪುಟ್ಟಬಸಪ್ಪ ಎಂಬ ರೈತ ಆ ಹೆಸರನ್ನು ಹೊತ್ತುಕೊಂಡ. ಜನ ಅರಸುಮಗನ ಹಿಂದೆ ಬರುತ್ತಾರೆ, ರೈತನ ಹಿಂದೆ ಬರುತ್ತಾರೋ ಇಲ್ಲವೋ. ಹಾಗಾಗಿ ಅವನು ಇನ್ನೊಬ್ಬನಾದ, ಕೊನೆಗೆ ಆ ಹೆಸರಿನಲ್ಲೇ ಗಲ್ಲಿಗೂ ಹೋದ.

ನನ್ನ ನಾಟಕದಲ್ಲಿ ಇದು ಇರಲಿಲ್ಲ. ಮೊದಲ ಕರಡಿನಲ್ಲಿ ಇತ್ತು. ಸಭೆಯಲ್ಲಿ ಒಬ್ಬರು, “ಮಕ್ಕಳ ನಾಟಕ ಮಾರಾಯ್ರೇ, ಹೋರಾಟಗಾರ ಸುಳ್ಳು ಹೇಳಿದ ಅಂತ ತೋರಿಸುವುದು ಯಾಕೆ? ಸುಮ್ನೆ ಗಲಾಟೆ” ಎಂದರು. ನಾನು ಎರಡು ನಿಮಿಷ ವಾದ ಮಾಡಿದೆ. ಆಮೇಲೆ ಪೆನ್ನಿನಿಂದ ಆ ದೃಶ್ಯಕ್ಕೆ ಅಡ್ಡಗೆರೆ ಹಾಕಿದೆ. ಒತ್ತಾಯ ಇರಲಿಲ್ಲ. ಗೆರೆ ನಾನೇ ಹಾಕಿದ್ದು. ನಾಟಕಕ್ಕೆ ಒಳ್ಳೆ ಚಪ್ಪಾಳೆ ಬಿತ್ತು. ಬಾವುಟ ಏರಿಸುವಾಗ ನನಗೇ ಗಂಟಲು ಕಟ್ಟಿತು.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಕಂಡದ್ದು: ಅರಸುಮಗ ಕಲ್ಯಾಣಸ್ವಾಮಿ. ಆದದ್ದು: ರೈತ ಪುಟ್ಟಬಸಪ್ಪ. ಪಾಲಿನ ಕಲಂನಲ್ಲಿ ಬರೆಯುವಾಗ ಕೈ ನಡುಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರಸುಮಗನೆಂದು ಹೇಳಿ ಸತ್ತವನ ಪಾಲನ್ನು ನಾನು ಇನ್ನೊಮ್ಮೆ ಅರಸುಮಗನಿಗೇ ಕೊಟ್ಟಿದ್ದೆ.

ಈ ವರ್ಷ ಅದೇ ನಾಟಕವನ್ನು ಮತ್ತೆ ಆಡುತ್ತಿದ್ದೇವೆ. ಆ ದೃಶ್ಯವನ್ನು ವಾಪಸ್ ಸೇರಿಸಿದ್ದೇನೆ. ಗಲಾಟೆ ಆದರೆ ಆಗಲಿ ಎಂದು ಪಟ್ಟಾಳದ ಮಾವ ಮುಂದಿನ ಸಾಲಿನಲ್ಲಿ ಕೂರುವುದಾಗಿ ಹೇಳಿದ್ದಾರೆ. ಪುಟ್ಟಬಸಪ್ಪನ ಪಾತ್ರ ಒಂಬತ್ತನೇ ಕ್ಲಾಸಿನ ಹುಡುಗನದ್ದು, ಮನೆಯಲ್ಲಿ ಅಪ್ಪನ ಜೊತೆ ಅಡಿಕೆ ಸುಲಿದು ಬರುವವನು. ನಿನ್ನೆ ರಿಹರ್ಸಲ್ ನಡುವೆ ನಿಲ್ಲಿಸಿ ಕೇಳಿದ:

“ಮಾಷ್ಟ್ರೇ, ‘ನಾನೇ ಕಲ್ಯಾಣಸ್ವಾಮಿ’ ಅಂತ ಹೇಳುವಾಗ ನಾನು ರೈತರ ಮುಖ ನೋಡಬೇಕಾ, ನೆಲ ನೋಡಬೇಕಾ?”

ನಾಳೆ ಹೇಳುತ್ತೇನೆ ಎಂದಿದ್ದೇನೆ.